ಎರಡು ಗಂಟೆ ಇಪ್ಪತ್ತೊಂಬತ್ತು ನಿಮಿಷ

ನಾನು ಬೆಳ್ಳಕ್ಕಿ ಏರ್‌ವೇಸ್‌ಗೆ ಸೇರಿದ ವರ್ಷ ನಮ್ಮ ಊರಿನಿಂದ ನಗರಕ್ಕೆ ವಿಮಾನದಲ್ಲಿ ನಲವತ್ತೆಂಟು ನಿಮಿಷವಾಗುತ್ತಿತ್ತು. ಮರುವರ್ಷ ಐವತ್ತನಾಲ್ಕಾಯಿತು, ಅದರ ಮರುವರ್ಷ ಅರವತ್ತು. ವಿಮಾನ ಅದೇ, ವೇಗವೂ ಅದೇ, ಊರು ಮಾತ್ರ ದೂರ ಹೋಗುತ್ತಿತ್ತು. ರಸ್ತೆಯಲ್ಲೂ ಹಾಗೇ. ಬಸ್ಸಿನ ಡ್ರೈವರುಗಳು ಈ ಸಲ ನಾಲ್ಕು ಹೊಸ ತಿರುವು ಬಂತೆಂದು ಹೇಳಿ, ಚಹಾ ಕುಡಿದು, ಮಲಗಲು ಹೋಗುತ್ತಿದ್ದರು. ಮೊದಮೊದಲು ಸರ್ವೆಯವರು ಬಂದು ಅಳೆದರು. ಅಳೆದವರು ಕಚೇರಿ ಸೇರುವಷ್ಟರಲ್ಲಿ ಅಳತೆ ತಪ್ಪಿರುತ್ತಿತ್ತು. ಆಮೇಲೆ ಅವರು ಬರುವುದನ್ನೇ ಬಿಟ್ಟರು.

ಜನ ಹೊಂದಿಕೊಂಡರು. ಹೂವಿನವರು ಅರಳಿದ ಮಲ್ಲಿಗೆ ತರಿಸುವುದನ್ನು ನಿಲ್ಲಿಸಿ ಬಿಗಿ ಮೊಗ್ಗು ತರಿಸತೊಡಗಿದರು. ಬೆಳಗಿನ ಪತ್ರಿಕೆ ಸಂಜೆ ಬರುತ್ತಿತ್ತು, ಆದರೂ ಅದಕ್ಕೆ ಬೆಳಗಿನ ಪತ್ರಿಕೆ ಎಂದೇ ಹೆಸರು. ಫೋನಿನಲ್ಲಿ ನಾವು ಆಡಿದ ಮಾತು ಆ ಕಡೆ ತಲುಪಲು ಒಂದು ಉಸಿರಿನಷ್ಟು ಹೊತ್ತು, ಆಮೇಲಾಮೇಲೆ ಎರಡು ಉಸಿರಿನಷ್ಟು ಹೊತ್ತು ಹಿಡಿಯತೊಡಗಿತು. ಒಂದು ಮಾತು ಹೇಳಿ ಸುಮ್ಮನೆ ಕಾಯುವುದು ನಮಗೆಲ್ಲ ಎಷ್ಟು ರೂಢಿಯಾಯಿತೆಂದರೆ, ಎದುರೆದುರು ಕೂತಾಗಲೂ ನಮ್ಮ ಊರಿನವರು ಹಾಗೇ ಕಾಯುತ್ತಾರೆ. ಹೊರಗಿನಿಂದ ಬಂದವರಿಗೆ ಇವರು ಯೋಚಿಸಿ ಮಾತಾಡುವ ಜನ ಅನ್ನಿಸುತ್ತದೆ.

ನನ್ನ ಕೆಲಸ ವೇಳಾಪಟ್ಟಿ ಬರೆಯುವುದು. ಊರಿನಲ್ಲಿ ನನ್ನನ್ನು ಶಾಂಭವಿ ಎಂದು ಕರೆಯುವವರು ಕಡಿಮೆ, ಟೈಂಟೇಬಲ್ ಅಕ್ಕ ಎನ್ನುವವರೇ ಹೆಚ್ಚು. ಕಂಪನಿಗೆ ಇದ್ದದ್ದು ಎಪ್ಪತ್ತು ಸೀಟಿನ ಒಂದೇ ವಿಮಾನ. ಶುರುವಿನಲ್ಲಿ ಅದು ದಿನಕ್ಕೆ ಐದು ಸಲ ಹೋಗಿಬರುತ್ತಿತ್ತು. ಆಮೇಲೆ ಮೂರಾಯಿತು, ಎರಡಾಯಿತು, ಕೊನೆಗೆ ಒಂದಕ್ಕೆ ಬಂತು. ಬೆಳಿಗ್ಗೆ ಇಲ್ಲಿಂದ ಹೊರಟರೆ ಒಂಬತ್ತು ನಲವತ್ತಕ್ಕೆ ನಗರದಲ್ಲಿ ಇಳಿಯಬೇಕು. ನಗರದ ವಿಮಾನ ನಿಲ್ದಾಣದಲ್ಲಿ ಯಾವ ವಿಮಾನ ಎಷ್ಟು ಹೊತ್ತಿಗೆ ಇಳಿಯಬೇಕೆಂದು ಪಾಲು ಹಂಚಿರುತ್ತಾರೆ, ಆ ಪಾಲಿಗೆ ಸ್ಲಾಟ್ ಎನ್ನುತ್ತಾರೆ. ಒಂಬತ್ತು ನಲವತ್ತು ನಮ್ಮದು. ನೂರು ದಿನದಲ್ಲಿ ಎಂಬತ್ತು ದಿನವಾದರೂ ಸರಿಯಾದ ಹೊತ್ತಿಗೆ ಇಳಿಯದಿದ್ದರೆ ಅದನ್ನು ಕಿತ್ತು ಬೇರೆಯವರಿಗೆ ಕೊಡುತ್ತಾರೆ. ಒಂದು ಸಲ ಹೋದರೆ ಮತ್ತೆ ಸಿಗುವ ಮಾತಿಲ್ಲ. ಸಂಜೆ ನಾಲ್ಕು ಇಪ್ಪತ್ತಕ್ಕೆ ವಿಮಾನ ವಾಪಸು ಹೊರಡುತ್ತಿತ್ತು. ನಡುವೆ ನಗರದಿಂದ ಕರಾವಳಿಗೆ ಒಂದು ಸುತ್ತು ಹೋಗಿಬರುತ್ತಿತ್ತು.

ದೂರ ಹೆಚ್ಚಿದಂತೆ ಇಂಧನ ಹೆಚ್ಚು ತುಂಬಬೇಕು. ಇಂಧನದ ಭಾರ ಹೆಚ್ಚಿದರೆ ಜನರನ್ನು ಕಡಿಮೆ ಮಾಡಬೇಕು. ಎಪ್ಪತ್ತು ಸೀಟಿನಲ್ಲಿ ಮೊದಲು ನಾಲ್ಕು ಖಾಲಿ ಬಿಟ್ಟೆವು, ಆಮೇಲೆ ಹತ್ತು. ಹಿಂದಿನ ಸಾಲುಗಳಿಗೆ ಬಟ್ಟೆಯ ಪಟ್ಟಿ ಕಟ್ಟುತ್ತಿದ್ದೆವು. ಹತ್ತಿದವರೆಲ್ಲ ಒಂದು ಸಲ ಆ ಪಟ್ಟಿ ಕಟ್ಟಿದ ಸಾಲುಗಳನ್ನು ನೋಡಿ ಕೂರುತ್ತಿದ್ದರು, ಯಾರೂ ಏನೂ ಕೇಳುತ್ತಿರಲಿಲ್ಲ.

ಪಯಣದ ಹೊತ್ತು ಎರಡು ಗಂಟೆ ಇಪ್ಪತ್ತೊಂಬತ್ತು ನಿಮಿಷಕ್ಕೆ ಬಂದಾಗ ಮಾಲೀಕರಾದ ಪದ್ಮರಾಜಯ್ಯನವರು ನಗರದಿಂದ ಒಂದು ಸುತ್ತೋಲೆ ಕಳಿಸಿದರು. ಎರಡೂವರೆ ಗಂಟೆ ದಾಟಿದ ಯಾವ ಮಾರ್ಗವನ್ನೂ ಕಂಪನಿ ಇಟ್ಟುಕೊಳ್ಳುವುದಿಲ್ಲ ಎಂದಿತ್ತು. ವಿಮಾನ ಒಂದೇ ಕಡೆ ಹೋಗಿಬರುವುದರಲ್ಲೇ ದಿನ ಕಳೆದರೆ ಅವರಾದರೂ ಏನು ಮಾಡಿಯಾರು. ನಾನು ಸುತ್ತೋಲೆಯನ್ನು ಓದಿ ಡ್ರಾಯರಿನಲ್ಲಿಟ್ಟೆ. ಮರುತಿಂಗಳ ವೇಳಾಪಟ್ಟಿಯಲ್ಲಿ ಎರಡು ಗಂಟೆ ಇಪ್ಪತ್ತೊಂಬತ್ತು ಎಂದೇ ಬರೆದೆ. ಅದರ ಮುಂದಿನ ತಿಂಗಳೂ ಹಾಗೇ. ಹೀಗೆ ಹತ್ತಿರ ಹತ್ತಿರ ಐದು ವರ್ಷ ಬರೆದೆ.

ಕಾಗದದ ಮೇಲೆ ವಿಮಾನ ಏಳು ಹನ್ನೊಂದಕ್ಕೆ ಹೊರಡುತ್ತಿತ್ತು. ನಿಜಕ್ಕೂ ಹೊರಡುತ್ತಿದ್ದದ್ದು ಅದಕ್ಕೂ ಮುಂಚೆ, ಕೊನೆಕೊನೆಗೆ ಆರು ನಲವತ್ತೆರಡಕ್ಕೆ. ನಮ್ಮ ಜನಕ್ಕೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಟಿಕೆಟ್ಟಿನಲ್ಲಿ ಏಳು ಹನ್ನೊಂದು ನೋಡಿ ಐದೂ ಮುಕ್ಕಾಲಿಗೇ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ನಗರದಲ್ಲಿ ನಮ್ಮ ವಿಮಾನ ಸರಿಯಾಗಿ ಒಂಬತ್ತು ನಲವತ್ತಕ್ಕೆ ಇಳಿಯುತ್ತಿದ್ದರಿಂದ ಅಲ್ಲಿಯವರಿಗೂ ಅನುಮಾನ ಬರಲಿಲ್ಲ. ಹೆಚ್ಚಿನ ನಿಮಿಷಗಳಿಗೆ ನಾನು ದಿನವೂ ಒಂದೊಂದು ಕಾರಣ ಬರೆಯುತ್ತಿದ್ದೆ. ಎದುರುಗಾಳಿ, ಮೋಡ, ರನ್‌ವೇ ಮೇಲೆ ನವಿಲು. ಐದು ವರ್ಷದಲ್ಲಿ ಎಷ್ಟು ನವಿಲು ಬರೆದಿದ್ದೇನೋ ನನಗೇ ಗೊತ್ತಿಲ್ಲ. ಬೆಳಿಗ್ಗೆ ಎದ್ದು ಹೊಸ ಕಾರಣ ಹುಡುಕುವುದೇ ಒಂದು ಆಯಾಸವಾಗಿತ್ತು.

ನಾನು ಇದನ್ನು ಯಾರಿಗಾಗಿ ಮಾಡಿದೆ ಎಂದು ಕೇಳಿದರೆ ಒಂದೇ ಉತ್ತರವಿಲ್ಲ. ನನ್ನ ಕೆಲಸಕ್ಕಾಗಿಯೂ ಹೌದು. ಆದರೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಐದು ಜನ ನಮ್ಮ ವಿಮಾನ ಹತ್ತುತ್ತಿದ್ದರು. ಅವರ ಮೂತ್ರಪಿಂಡ ಕೆಟ್ಟಿತ್ತು. ನಗರದ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಯಂತ್ರಕ್ಕೆ ರಕ್ತ ಕೊಟ್ಟು, ಅದು ತೊಳೆದು ವಾಪಸು ಕೊಟ್ಟ ಮೇಲೆ ಸಂಜೆಯ ವಿಮಾನಕ್ಕೆ ಬರುತ್ತಿದ್ದರು. ಬಸ್ಸಿನಲ್ಲಾದರೆ ಹೋಗಲು ನಾಲ್ಕು ದಿನ. ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಬಿಬಿಜಾನ್ ಅವರಲ್ಲೊಬ್ಬಳು. ಬಡಗಿ ವೀರಭದ್ರಾಚಾರಿ ಇನ್ನೊಬ್ಬ.

ಅವರನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಕೌಂಟರಿನ ಭುಜಂಗ. ನಲವತ್ತು ದಾಟಿದ ಮಿತಭಾಷಿ. ಭಾರದ ಲೆಕ್ಕಕ್ಕಾಗಿ ನಾವು ಪ್ರಯಾಣಿಕರನ್ನೂ ತೂಕ ಮಾಡುತ್ತಿದ್ದೆವು. ಈ ಐವರು ಬೆಳಿಗ್ಗೆ ಹೋಗುವಾಗ ಇದ್ದ ತೂಕಕ್ಕಿಂತ ಸಂಜೆ ಬಂದಿಳಿದಾಗ ಎರಡು ಮೂರು ಕಿಲೋ ಕಡಿಮೆ ಇರುತ್ತಾರೆಂದು ಅವನು ಕಂಡುಕೊಂಡಿದ್ದ. ಸಂಜೆ ತೂಕ ಮಾಡಬೇಕೆಂದು ಯಾರೂ ಹೇಳಿರಲಿಲ್ಲ, ಆದರೂ ಮಾಡುತ್ತಿದ್ದ. "ಐವತ್ತೊಂದೂವರೆ ಆಗಿದೆ. ನೀರು ಜಾಸ್ತಿ ಕುಡಿದ್ರಾ?" ಎಂದು ಬಿಬಿಜಾನಳನ್ನು ಬೆಳಿಗ್ಗೆ ಗದರುತ್ತಿದ್ದ. ಅವಳು, "ಬಿಸಿಲಪ್ಪ, ಒಂದು ಲೋಟ ಕುಡಿದೆ," ಎನ್ನುತ್ತಿದ್ದಳು. "ಒಂದು ಲೋಟ ಒಂದು ಕಿಲೋ ಇರಲ್ಲ," ಎಂದು ಅವನು ಬರೆದುಕೊಳ್ಳುತ್ತಿದ್ದ.

ಸೆಪ್ಟೆಂಬರಿನ ಒಂದು ಮಂಗಳವಾರ ಅದು ಆಯಿತು. ಆ ಹೊತ್ತಿಗೆ ನಿಜವಾದ ಪಯಣ ಎರಡು ಗಂಟೆ ಐವತ್ತೆಂಟು ನಿಮಿಷಕ್ಕೆ ಬಂದಿತ್ತು. ಅಷ್ಟು ದೂರಕ್ಕೆ ನಲವತ್ತನಾಲ್ಕು ಜನರನ್ನು ಮಾತ್ರ ಹತ್ತಿಸಬಹುದು. ನನ್ನ ಕಾಗದದ ಲೆಕ್ಕದ ಪ್ರಕಾರ ಟಿಕೆಟ್ ಮಾರಾಟವಾಗುತ್ತಿದ್ದದ್ದು ಐವತ್ತೆರಡು. ಸಾಮಾನ್ಯ ದಿನಗಳಲ್ಲಿ ಅಷ್ಟು ಜನ ಬರುತ್ತಿರಲಿಲ್ಲ. ಬಂದ ದಿನ ಕ್ಯಾಪ್ಟನ್ ಲೋಬೊ ಲಗೇಜನ್ನು ಇಲ್ಲೇ ಇಳಿಸಿ ಹೋಗುತ್ತಿದ್ದರು, ಅದು ಮರುದಿನ ಹೋಗುತ್ತಿತ್ತು. ಅವತ್ತು ಐವತ್ತೆರಡು ಸೀಟೂ ತುಂಬಿತ್ತು. ಮದುವೆಯ ದಿಬ್ಬಣವೊಂದು ಹೊರಟಿತ್ತು. ನಿಜವಾದ ಎದುರುಗಾಳಿಯೂ ಇತ್ತು. ಲಗೇಜೆಲ್ಲ ಇಳಿಸಿದ ಮೇಲೂ ಐದು ಜನರ ಭಾರ ಹೆಚ್ಚಾಯಿತು. ನಿಯಮದ ಪ್ರಕಾರ ಮೊದಲು ಇಳಿಸಬೇಕಾದದ್ದು ರಿಯಾಯಿತಿ ಟಿಕೆಟ್ಟಿನವರನ್ನು. ರಿಯಾಯಿತಿ ಟಿಕೆಟ್ಟಿನವರು ಆ ಐವರೇ.

ಕಿಟಕಿಯಿಂದ ನಾನು ನೋಡುತ್ತಿದ್ದೆ. ಲೋಬೊ ಮೆಟ್ಟಿಲ ಬಳಿ ಭುಜಂಗನ ಪಟ್ಟಿ ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಪಟ್ಟಿ ವಾಪಸು ಕೊಟ್ಟು ಹತ್ತಿ ಹೋದರು. ಯಾರನ್ನೂ ಇಳಿಸಲಿಲ್ಲ. ನಾನು ಸಮಾಧಾನಪಟ್ಟುಕೊಂಡು ಅವತ್ತಿನ ಕಾರಣ ಬರೆಯಲು ಕೂತೆ. ಎದುರುಗಾಳಿ ಎಂದು ಬರೆದೆ. ಅದೊಂದು ದಿನ ನಿಜವನ್ನೇ ಬರೆದಿದ್ದೆ.

ಮರುದಿನ ಲೋಬೊ ಅವರಿಗೆ ರಜೆ. ಮಧ್ಯಾಹ್ನ ನನ್ನ ಕಚೇರಿಗೆ ಬಂದರು. ಫೆಲಿಕ್ಸ್ ಲೋಬೊ ನನಗಿಂತ ಎರಡು ವರ್ಷ ದೊಡ್ಡವರು, ನಿವೃತ್ತಿಗೆ ಹತ್ತಿರವಾಗಿದ್ದವರು. ಕುರ್ಚಿ ಎಳೆದು ಕೂತು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡರು.

"ಒಂಬತ್ತು ನಿಮಿಷ," ಎಂದರು.

ನಾನು ಕಾದೆ.

"ನಿನ್ನೆ ಇಳಿದಾಗ ಟ್ಯಾಂಕಿನಲ್ಲಿ ಉಳಿದಿದ್ದದ್ದು ಒಂಬತ್ತು ನಿಮಿಷದ ಇಂಧನ. ನನ್ನ ಮುಂದಿದ್ದ ವಿಮಾನಕ್ಕೆ ಟೈರ್ ತೊಂದರೆ ಆಗಿ ರನ್‌ವೇ ಮೇಲೆ ನಿಂತುಬಿಟ್ಟಿತ್ತು. ನನಗೆ ಒಂದು ಸುತ್ತು ಹಾಕಿ ಅಂದರು. ಹಾಕಿದೆ. ಎರಡನೇ ಸುತ್ತು ಹೇಳಿದ್ದರೆ ನಾನಿವತ್ತು ಇಲ್ಲಿ ಕೂತಿರ್ತಿರಲಿಲ್ಲ."

"ಇಂಧನ ಕಡಿಮೆ ಹಾಕಿಸಿದ್ರಾ?"

"ಹಾಕಿಸಿದೆ. ಅವರನ್ನ ಇಳಿಸೋಕೆ ಆಗಲಿಲ್ಲ. ತಪ್ಪು ನನ್ನದೇ. ನಿಮ್ಮ ಮೇಲೆ ಹೊರಿಸೋಕೆ ಬಂದಿಲ್ಲ." ಅವರು ಕೈಯಿಂದ ಮುಖ ಒರೆಸಿಕೊಂಡರು. "ಆದರೆ ಶಾಂಭವಿಯವರೇ, ನಾನು ವರದಿ ಬರೆಯಬೇಕು. ನಲವತ್ತನಾಲ್ಕು ಜನ ಹತ್ತಬೇಕಾದ ವಿಮಾನಕ್ಕೆ ಐವತ್ತೆರಡು ಟಿಕೆಟ್ ಹೇಗೆ ಮಾರಾಟ ಆಯ್ತು ಅಂತ ಅದರಲ್ಲಿ ಬರೆಯಬೇಕಾಗುತ್ತೆ. ನನ್ನದು ಹೋಗೋದಕ್ಕಿಂತ ಮುಂಚೆ ನಿಮ್ಮದು ಹೋಗಲಿ ಅಂತ ಹೇಳೋಕೆ ಬಂದೆ."

ಅವರಿಗೂ ಗೊತ್ತಿತ್ತು. ಐದು ವರ್ಷದಿಂದ ನಿಜವಾದ ನಿಮಿಷಗಳನ್ನು ಹಾರಿಸಿದವರು ಅವರೇ. ನಾವಿಬ್ಬರೂ ಒಂದು ದಿನವೂ ಆ ಬಗ್ಗೆ ಮಾತಾಡಿರಲಿಲ್ಲ. ಅವರು ಹೋದ ಮೇಲೆ ನಾನು ಹೊಸ ಹಾಳೆ ತೆಗೆದು ಎರಡು ಗಂಟೆ ಐವತ್ತೆಂಟು ನಿಮಿಷ ಎಂದು ಬರೆದೆ. ನನ್ನ ಸುಳ್ಳಿಗೆ ಐವತ್ತೆರಡು ಜನರ ಜೀವ ಒಂಬತ್ತು ನಿಮಿಷದ ತುದಿಯಲ್ಲಿ ನಿಂತಿತ್ತು. ಅದು ಮನಸ್ಸಿಗೆ ಇಳಿಯಲು ಎಷ್ಟೋ ದಿನ ಬೇಕಾಯಿತು. ಅವತ್ತು ಬರೀ ಸುಸ್ತು.

ಎರಡು ದಿನ ಬಿಟ್ಟು ಪದ್ಮರಾಜಯ್ಯನವರು ಫೋನ್ ಮಾಡಿದರು. ಅವರು ಗಟ್ಟಿಯಾಗಿ ಮಾತಾಡುವ ಮನುಷ್ಯರಲ್ಲ.

"ಇದನ್ನ ಐದು ವರ್ಷದ ಹಿಂದೆ ಹೇಳಿದ್ದರೆ ಐದು ವರ್ಷದ ಹಿಂದೆಯೇ ನಿಲ್ಲಿಸ್ತಿದ್ದೆ," ಎಂದರು.

"ಅದಕ್ಕೇ ಹೇಳಲಿಲ್ಲ," ಎಂದೆ.

ನನ್ನ ಮಾತು ಅವರಿಗೆ ತಲುಪಿ, ಅವರ ಮಾತು ನನಗೆ ಬರುವವರೆಗೆ ಗೋಡೆಯ ಗಡಿಯಾರ ನೋಡುತ್ತಿದ್ದೆ. "ಅಕ್ಟೋಬರ್ ಕೊನೆಯ ಶನಿವಾರಕ್ಕೆ ಈ ಋತುವಿನ ವೇಳಾಪಟ್ಟಿ ಮುಗಿಯುತ್ತೆ. ಅಲ್ಲಿಯವರೆಗೆ ನಲವತ್ತನಾಲ್ಕೇ ಜನ. ಆಮೇಲೆ ವಿಮಾನ ಕರಾವಳಿ ಮಾರ್ಗಕ್ಕೆ ಹೋಗುತ್ತೆ. ಅಲ್ಲಿ ದಿನಕ್ಕೆ ಹನ್ನೊಂದು ಗಂಟೆ ಹಾರಬಹುದು. ನಿಮ್ಮನ್ನ ಕೆಲಸದಿಂದ ತೆಗೆಯೋದಿಲ್ಲ, ಆದರೆ ವೇಳಾಪಟ್ಟಿ ಇನ್ನು ನಿಮ್ಮ ಕೈಯಲ್ಲಿರೋದಿಲ್ಲ. ಇಲ್ಲಿಗೆ ಬಂದರೆ ಬೇರೆ ಏನಾದರೂ ಕೊಡ್ತೀನಿ."

ಸುದ್ದಿ ಹಬ್ಬಿದ ಮೇಲೆ ಜನ ಕಚೇರಿಗೆ ಬಂದರು. ಯಾರೂ ಜಗಳವಾಡಲಿಲ್ಲ. "ಎರಡೂ ಐವತ್ತೆಂಟಾ? ನಾನು ಮೂರು ಅಂದ್ಕೊಂಡಿದ್ದೆ," ಎಂದು ಹೂವಿನವನೊಬ್ಬ ಹೇಳಿ ಹೋದ. ಹೊತ್ತಿನ ಸುಳ್ಳು ಎಲ್ಲರಿಗೂ ಗೊತ್ತಿದ್ದದ್ದೇ. ಭಾರದ ಸುಳ್ಳು, ಆ ಮಂಗಳವಾರದ ಒಂಬತ್ತು ನಿಮಿಷ ಯಾರಿಗೂ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಬಿಬಿಜಾನ್ ಕೊನೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. "ಅಕ್ಟೋಬರ್ ಆದ ಮೇಲೆ ನಾವು ಏನು ಮಾಡಬೇಕು?" ಎಂದು ಕೇಳಿದಳು. ನಗರದಲ್ಲಿ ಹೋಗಿ ಇರುವುದಕ್ಕೆ ಆಗುತ್ತದೆಯೇ ಎಂದು ನಾನು ಕೇಳಿದೆ. "ಅಲ್ಲಿ ನನಗೆ ಯಾರಿದ್ದಾರೆ? ಇಲ್ಲಿ ಇನ್ನೂರು ಮಕ್ಕಳಿಗೆ ಅನ್ನ ಮಾಡ್ತೀನಿ. ಅಲ್ಲಿ ಹೋಗಿ ವಾರದಲ್ಲಿ ಎರಡು ದಿನ ಯಂತ್ರಕ್ಕೆ ಕೈ ಕೊಟ್ಟು ಐದು ದಿನ ಯಾರ ಮುಖ ನೋಡಲಿ?"

ಅವಳು ಹೋದ ಮೇಲೆ ನಾನು ಉಳಿದ ದಿನಗಳನ್ನು ಎಣಿಸಿದೆ. ವಾರಕ್ಕೆ ಆರು ಹಾರಾಟ, ಏಳು ವಾರ. ಸ್ಲಾಟ್ ಇನ್ನೂ ನಮ್ಮದು. ಬೆಳಿಗ್ಗೆ ಹೋಗುವಾಗ ವಿಮಾನ ತುಂಬಿರುತ್ತಿತ್ತು, ಸಂಜೆ ಬರುವಾಗ ಅರ್ಧ ಖಾಲಿ. ಮುಚ್ಚುವ ಊರಿಗೆ ಯಾರು ಬರುತ್ತಾರೆ. ಇಷ್ಟು ವರ್ಷ ನಾನು ಖಾಲಿ ಹಾರುವ ವಿಮಾನವನ್ನು ಕಂಡರೆ ಹೊಟ್ಟೆ ಉರಿಸಿಕೊಂಡವಳು. ಸಂಜೆಯ ವಿಮಾನದಲ್ಲಿ ಜನರ ಬದಲು ಏನು ಬರಬಹುದು ಎಂದು ಲೆಕ್ಕ ಹಾಕಿದೆ. ನಗರದ ಆಸ್ಪತ್ರೆಯವರು ಹೊಸ ಯಂತ್ರ ಕೊಂಡು ಹಳೆಯ ಎರಡನ್ನು ಮೂಲೆಗಿಟ್ಟಿದ್ದಾರೆಂದು ವೀರಭದ್ರಾಚಾರಿ ಒಮ್ಮೆ ಹೇಳಿದ್ದ. ನಮ್ಮ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಹೋಗಿ ಕಂಡೆ. ಯಂತ್ರ ಬಂದರೆ ಜಾಗ ಕೊಡುತ್ತೇನೆ, ನರ್ಸ್ ಕೊಡುತ್ತೇನೆ, ಆದರೆ ಯಂತ್ರ ನಡೆಸುವವನು ಬೇಕು ಎಂದರು. ಹೊರಗಿನವರು ಯಾರೂ ಬರಲಾರರು ಎಂದೂ ಅವರೇ ಹೇಳಿದರು.

ಕಚೇರಿಗೆ ವಾಪಸು ಬಂದು ಇದನ್ನು ಭುಜಂಗನಿಗೆ ಹೇಳಿದೆ. ಅವನು ತಕ್ಕಡಿ ಒರೆಸುತ್ತಿದ್ದ.

"ನಾನು ಕಲಿಯಬಹುದಾ?" ಎಂದ.

"ಆರು ತಿಂಗಳು ಬೇಕಂತೆ."

"ಏಳು ವಾರ ಇದೆಯಲ್ಲ. ಅವರ ತೂಕ ನನಗೆ ಗೊತ್ತು. ಎಷ್ಟು ನೀರು ತೆಗೀಬೇಕು ಅಂತ ಅರ್ಧ ಗೊತ್ತಿದ್ದ ಹಾಗೇ. ಉಳಿದರ್ಧ ಅವರು ಕಲಿಸಲಿ."

ಫೋನ್ ಮಾಡಿ ಕೇಳಿದಾಗ ನಗರದ ಆಸ್ಪತ್ರೆಯವರು ಹಳೆಯ ಯಂತ್ರ ಕೊಡಲೂ ಕಲಿಸಲೂ ಒಪ್ಪಿದರು. ಮರುದಿನವೇ ಅವನೂ ಒಬ್ಬ ನರ್ಸೂ ನಗರಕ್ಕೆ ಹೋದರು. ಪದ್ಮರಾಜಯ್ಯನವರಿಗೆ ನಾನು ಉಳಿದ ಸಂಜೆಯ ಹಾರಾಟಗಳನ್ನು ಬೇಡಿದೆ. ಹಿಂದಿನ ಆರು ಸಾಲು ಸೀಟು ಕಿತ್ತು ಸಾಮಾನು ತರಲು ಒಪ್ಪಿಗೆ ಬೇಕೆಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಅದು ದೂರದಿಂದಾದ ತಡವೋ ಅವರು ಯೋಚಿಸಿದ್ದೋ ತಿಳಿಯಲಿಲ್ಲ. "ತೂಕ ಸರಿಯಾಗಿ ಬರೀರಿ," ಎಂದಷ್ಟೇ ಹೇಳಿ ಇಟ್ಟರು.

ಸರಿಯಾಗಿ ಬರೆದೆ. ಆ ಏಳು ವಾರ ನಾನು ಮಾಡಿದಷ್ಟು ಚೊಕ್ಕ ಕೆಲಸವನ್ನು ಬೇರೆ ಯಾವತ್ತೂ ಮಾಡಿಲ್ಲ. ಮೊದಲ ವಾರ ಯಂತ್ರಗಳು ಬಂದವು, ಒಂದೊಂದು ದಿನಕ್ಕೆ ಒಂದೊಂದು. ಎರಡನೇ ವಾರ ನೀರು ಶುದ್ಧ ಮಾಡುವ ಘಟಕ ತುಂಡು ತುಂಡಾಗಿ ಬಂತು. ಆಮೇಲೆ ರಕ್ತ ಸೋಸುವ ನಳಿಕೆಗಳು, ಕೊಳವೆ, ಸೂಜಿ, ಔಷಧಿ, ಎರಡು ವರ್ಷಕ್ಕೆ ಆಗುವಷ್ಟು. ಯಾವ ಸಂಜೆ ಎಷ್ಟು ಜನ ಬರುತ್ತಾರೆ, ಗಾಳಿ ಎಷ್ಟಿದೆ, ಅದಕ್ಕೆ ತಕ್ಕಂತೆ ಎಷ್ಟು ಪೆಟ್ಟಿಗೆ ಎಂದು ದಿನವೂ ಲೆಕ್ಕ. ಎರಡು ಸಲ ಗಾಳಿ ಜೋರಿದ್ದಾಗ ಪೆಟ್ಟಿಗೆಗಳನ್ನು ನಗರದಲ್ಲೇ ಬಿಟ್ಟು ಬರಲು ಹೇಳಿದೆ. ಲೋಬೊ ಬಿಟ್ಟು ಬಂದರು. ನಡುವೆ ನಾನು ನಿದ್ದೆ ಮಾಡಿದ್ದು ನೆನಪಿಲ್ಲ, ಮಾಡಿರಲೇಬೇಕು.

ಕೊನೆಯ ವಾರ ನಗರದ ಸ್ಲಾಟ್ ಕಚೇರಿಗೆ ಫೋನ್ ಮಾಡಿ ಒಂಬತ್ತು ನಲವತ್ತನ್ನು ವಾಪಸು ಕೊಡುತ್ತಿದ್ದೇವೆಂದು ಹೇಳಿದೆ. ಅಲ್ಲಿ ತಾರಾನಾಥ ಎಂಬವರಿದ್ದರು. ಹತ್ತೊಂಬತ್ತು ವರ್ಷ ಫೋನಿನಲ್ಲಿ ಮಾತಾಡಿದ್ದೇವೆ, ಒಬ್ಬರ ಮುಖ ಒಬ್ಬರು ನೋಡಿಲ್ಲ.

"ಅದಕ್ಕೆ ಈಗಾಗಲೇ ಏಳು ಅರ್ಜಿ ಬಂದಿವೆ," ಎಂದರು.

"ಯಾರಿಗೆ ಕೊಡ್ತೀರಿ?"

"ಯಾರಾದರೂ ಹತ್ತಿರದವರಿಗೆ," ಎಂದರು. ಆಮೇಲೆ, "ನಿಮ್ಮ ನವಿಲುಗಳನ್ನ ನಾನು ಓದ್ತಿದ್ದೆ," ಎಂದು ಸೇರಿಸಿದರು. ಫೋನ್ ಇಟ್ಟರು.

ಕೊನೆಯ ಶನಿವಾರ ನಲವತ್ತನಾಲ್ಕು ಜನ ಹೋದರು. ವೀರಭದ್ರಾಚಾರಿಯೂ ಹೋದ. ಭುಜಂಗನ ಕೈಗೆ ತನ್ನ ರಕ್ತ ಕೊಡಲು ಅವನಿಗೆ ಧೈರ್ಯ ಬರಲಿಲ್ಲ, ಅದನ್ನು ಭುಜಂಗನ ಎದುರಿಗೇ ಹೇಳಿದ. ಹಿಂದಿನ ಸಂಜೆಯಷ್ಟೇ ನಗರದಿಂದ ವಾಪಸು ಬಂದಿದ್ದ ಭುಜಂಗ ಅವನನ್ನು ಕೊನೆಯ ಸಲ ತೂಕ ಮಾಡಿ, ಆಸ್ಪತ್ರೆಯವರಿಗೆ ಕೊಡಲೆಂದು ಒಂದು ಚೀಟಿ ಬರೆದುಕೊಟ್ಟ. ಲೋಬೊ ಮೆಟ್ಟಿಲ ಬಳಿ ನನಗಾಗಿ ಕಾದರು.

"ಬರೋದಿಲ್ವಾ? ಒಂದು ಸೀಟು ಮಾಡಿಸಬಹುದು."

"ನಲವತ್ತನಾಲ್ಕಾಗಿದೆ," ಎಂದೆ.

ಅವರು ತಲೆಯಾಡಿಸಿ ಹತ್ತಿದರು. ನಾನು ಉಳಿದದ್ದು ತ್ಯಾಗವೇನೂ ಅಲ್ಲ. ನನಗಾಗಿ ಅಲ್ಲೂ ಯಾರೂ ಕಾಯುತ್ತಿರಲಿಲ್ಲ, ಇಲ್ಲೂ ಇಲ್ಲ. ಹೋಗಲು ಬೇಕಾದ ಶಕ್ತಿ ಇರಲಿಲ್ಲ, ಅಷ್ಟೇ.

ಮಂಗಳವಾರ ಆಸ್ಪತ್ರೆಯಲ್ಲಿ ಯಂತ್ರ ಶುರುವಾಯಿತು. ಮೊದಲ ದಿನ ಭುಜಂಗನಿಗೆ ಸೂಜಿ ಎರಡು ಸಲ ತಪ್ಪಿತು, ಮೂರನೆಯ ಸಲ ನರ್ಸ್ ಹಾಕಿದಳು. ಯಂತ್ರ ಕೂಗಿದಾಗಲೆಲ್ಲ ಅವನು ನಗರಕ್ಕೆ ಫೋನ್ ಮಾಡಿ, ಕೇಳಿ, ಉತ್ತರಕ್ಕೆ ಕಾಯುತ್ತಾ ನಿಲ್ಲುತ್ತಿದ್ದ. ಹಾಗೂ ಹೀಗೂ ನಾಲ್ವರದೂ ನಡೆಯಿತು. ಆಮೇಲೆ ನಾವು ಎಣಿಸದೇ ಇದ್ದದ್ದು ಒಂದಾಯಿತು. ವಿಮಾನ ಹತ್ತುವಷ್ಟು ತ್ರಾಣವಿಲ್ಲದೆ ಮನೆಯಲ್ಲೇ ಮಲಗಿದ್ದವರನ್ನು ಒಬ್ಬೊಬ್ಬರಾಗಿ ಕರೆತರತೊಡಗಿದರು. ಡಿಸೆಂಬರಿನ ಹೊತ್ತಿಗೆ ಹನ್ನೊಂದು ಜನರಾದರು. ಎರಡು ಯಂತ್ರ, ಹನ್ನೊಂದು ಜನ. ಯಾರು ಯಾವ ದಿನ, ಎಷ್ಟು ಹೊತ್ತಿಗೆ ಎಂದು ಬರೆಯುವವರು ಬೇಕಾದರು. ವೈದ್ಯರು ನನಗೆ ಹೇಳಿ ಕಳಿಸಿದರು. ಎರಡು ವರ್ಷಕ್ಕೆಂದು ತಂದ ನಳಿಕೆಗಳು ಈಗ ಒಂದು ವರ್ಷವೂ ಬರುವುದಿಲ್ಲ. ನಗರದಿಂದ ಲಾರಿ ಬರಲು ಐದು ದಿನ ಹಿಡಿಯುತ್ತದೆ, ಸದ್ಯಕ್ಕೆ.

ಜನವರಿಯ ಒಂದು ಬೆಳಿಗ್ಗೆ ಬಿಬಿಜಾನಳ ಪಕ್ಕದಲ್ಲಿ ಕೂತಿದ್ದೆ. ಭುಜಂಗ ಆ ಕಡೆಯ ಹಾಸಿಗೆಯವರನ್ನು ನೋಡಿಕೊಳ್ಳುತ್ತಿದ್ದ. ನಾನು ಅವಳಿಗೆ ಆ ಮಂಗಳವಾರದ್ದನ್ನು ಹೇಳಿದೆ. ಕಾಗದದ ಐವತ್ತೆರಡು, ನಿಜದ ನಲವತ್ತನಾಲ್ಕು, ಲೋಬೊ ಪಟ್ಟಿ ಹಿಡಿದು ನಿಂತದ್ದು, ಒಂಬತ್ತು ನಿಮಿಷ, ಎಲ್ಲ. ಅವಳೂ ಅವತ್ತು ಆ ವಿಮಾನದಲ್ಲಿದ್ದವಳು. ಕೇಳುತ್ತಾ ಅವಳು ಸೂರು ನೋಡುತ್ತಿದ್ದಳು. ನಾನು ಮುಗಿಸಿದ ಮೇಲೆ ನಮ್ಮ ಊರಿನವರು ಸಾಮಾನ್ಯವಾಗಿ ಕಾಯುವುದಕ್ಕಿಂತ ಬಹಳ ಹೆಚ್ಚು ಹೊತ್ತು ಕಾದಳು.

"ನಮಗೆ ಹೇಳಿದ್ದರೆ ನಾವೇ ಪಾಳಿ ಮಾಡ್ಕೊಂಡು ಹೋಗ್ತಿದ್ವಿ," ಎಂದಳು. "ಒಂದು ದಿನ ಇಬ್ಬರು, ಒಂದು ದಿನ ಮೂವರು. ಸೀಟು ಸಾಲಲ್ಲ ಅಂದರೆ ಅರ್ಥ ಆಗದೇ ಇರೋ ಜನಾನಾ ನಾವು? ಇನ್ನೂರು ಮಕ್ಕಳಿಗೆ ದಿನಾ ಬಡಿಸೋಳು ನಾನು. ನೀವು ಒಂದು ಮಾತು ಕೇಳಬೇಕಿತ್ತು."

ಹೌದು ಎಂದೆ. ಐದು ವರ್ಷದಲ್ಲಿ ಅದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಅವಳು ಮುಖವನ್ನು ಆ ಕಡೆ ತಿರುಗಿಸಿಕೊಂಡಳು. ಎದ್ದು ಹೋಗಲೇ ಎಂದು ಯೋಚಿಸಿದೆ. ಆದರೆ ಕೂತೇ ಇದ್ದೆ. ಯಂತ್ರದ ಚಕ್ರ ತಿರುಗುತ್ತಿತ್ತು, ಕೊಳವೆಯಲ್ಲಿ ಅವಳ ರಕ್ತ ಹೋಗಿಬರುತ್ತಿತ್ತು. ಬಹಳ ಹೊತ್ತಾದ ಮೇಲೆ ಅವಳು ತಿರುಗದೇ ಕೇಳಿದಳು.

"ಇನ್ನೆಷ್ಟು ಹೊತ್ತು?"

ಯಂತ್ರದ ಮೇಲಿನ ಅಂಕಿಯನ್ನು ಬಗ್ಗಿ ನೋಡಿದೆ. "ಒಂದು ಗಂಟೆ ಹದಿನಾರು ನಿಮಿಷ," ಎಂದೆ.

"ಅಷ್ಟೇನಾ, ಜಾಸ್ತಿನಾ?"

"ಅಷ್ಟೇ," ಎಂದೆ.

ಅವಳು ಕಣ್ಣು ಮುಚ್ಚಿಕೊಂಡಳು.